ಇಕಿ ಯಾರಪಾ?

ಊರಿನಿಂದ ಯಾರೇ ಬರಲಿ, ದಿಲ್ಲಿಯಲ್ಲಿ ಅವರಿಗೆ ತೋರಿಸಬೇಕಾದ ಜಾಗಗಳ ಪಟ್ಟಿ ನಮ್ಮೆಲ್ಲರಿಗೂ ಬಾಯಿಪಾಠ. ಕೆಂಪು ಕೋಟೆ, ಕುತುಬ್ ಮಿನಾರ್, ರಾಜಘಾಟ್, ಬಿರ್ಲಾ ಮಂದಿರ, ಸಂಜೆಗೆ ಇಂಡಿಯಾ ಗೇಟು, ಮರುದಿನ ಕರೋಲ್‌ಬಾಗಿನಲ್ಲಿ ಸ್ವೆಟರ್ ಖರೀದಿ. ನಾನು ಮಾತ್ರ ಈ ಪಟ್ಟಿಗೆ ಇನ್ನೊಂದು ಜಾಗ ಸೇರಿಸಿ ಬೈಸಿಕೊಳ್ಳುತ್ತೇನೆ. ಇಂಡಿಯಾ ಗೇಟಿನ ಹತ್ತಿರವೇ ಇರುವ ಜೈಪುರ ಹೌಸ್. ಜೈಪುರದ ಮಹಾರಾಜರ ದಿಲ್ಲಿ ನಿವಾಸವಾಗಿ 1936ರಲ್ಲಿ ಕಟ್ಟಿದ, ಮೇಲಿನಿಂದ ನೋಡಿದರೆ ಚಿಟ್ಟೆಯ ಆಕಾರದಲ್ಲಿರುವ ಈ ಕಟ್ಟಡದಲ್ಲಿ 1954ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ನೆಂಟರು ಒಳಗೆ ಬಂದು ಹತ್ತು ನಿಮಿಷ ಉಸಿರು ಬಿಗಿಹಿಡಿದು ನಡೆಯುತ್ತಾರೆ. ಆಮೇಲೆ ಯಾರಿಗೋ ಕಾಲು ನೋಯುತ್ತದೆ, ಯಾರಿಗೋ ಚಹಾ ಬೇಕಾಗುತ್ತದೆ. "ನೀವು ನೋಡ್ಕೊಂಡು ಬರ್ರಿ, ನಾವು ಹೊರಗ ಗಿಡದ ಕೆಳಗ ಕೂಡ್ತೀವಿ" ಎಂದು ಹೊರಟುಬಿಡುತ್ತಾರೆ. ನನಗೆ ಬೇಕಾದದ್ದೂ ಅದೇ. ನಾನು ನೆಟ್ಟಗೆ ಅಮೃತಾ ಶೇರ್‌ಗಿಲ್ ಚಿತ್ರಗಳ ಮುಂದೆ ಹೋಗಿ ನಿಲ್ಲುತ್ತೇನೆ.

ಆಕೆಯ ನೂರಕ್ಕೂ ಹೆಚ್ಚು ಚಿತ್ರಗಳು ಈ ಸಂಗ್ರಹದಲ್ಲಿವೆ. 1976ರಲ್ಲಿ ಸರ್ಕಾರ ಆಕೆಯ ಚಿತ್ರಗಳನ್ನು ರಾಷ್ಟ್ರೀಯ ಕಲಾನಿಧಿ ಎಂದು ಘೋಷಿಸಿತು. ಹೀಗಾಗಿ ದೇಶದೊಳಗಿರುವ ಆಕೆಯ ಚಿತ್ರವನ್ನು ಹೊರದೇಶಕ್ಕೆ ಮಾರಿ ಕಳಿಸುವಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಆಕೆಯ 'ದಿ ಸ್ಟೋರಿ ಟೆಲ್ಲರ್' ಎಂಬ 1937ರ ಚಿತ್ರ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಹೋದಾಗ ಊರಿನಿಂದ ನನಗೆ ಮೂರು ಫೋನು ಬಂದವು. ಆ ಹೊತ್ತಿಗೆ ಭಾರತೀಯ ಚಿತ್ರವೊಂದಕ್ಕೆ ಹರಾಜಿನಲ್ಲಿ ಸಿಕ್ಕ ಅತಿ ದೊಡ್ಡ ಬೆಲೆ ಅದು. 2025ರಲ್ಲಿ ಹುಸೇನರ ಚಿತ್ರವೊಂದು ಅದನ್ನು ಹಿಂದೆ ಹಾಕಿತು. "ನೀ ಯಾವಾಗಲೂ ಹೇಳ್ತಿದ್ದೆಲ್ಲ, ಅದ ಹೆಣ್ಣಮಗಳ ಚಿತ್ರ ಏನೋ ಇದು?" ಎಂದು ನನ್ನ ತಂಗಿ ಕೇಳಿದಳು. ಹೌದು ಅಂದೆ. ಆದರೆ ನಾನು ಯಾವಾಗಲೂ ಹೇಳುತ್ತಿದ್ದದ್ದು ಆ ಚಿತ್ರದ ಬಗ್ಗೆ ಅಲ್ಲ. ಆಕೆ ತನ್ನ ಮನೆಯವರನ್ನು, ಗೆಳೆಯ ಗೆಳತಿಯರನ್ನು, ತನ್ನನ್ನೇ ಕೂರಿಸಿಕೊಂಡು ಎಣ್ಣೆಬಣ್ಣದಲ್ಲಿ ಬರೆದ ಭಾವಚಿತ್ರಗಳ ಬಗ್ಗೆ. ಇಲ್ಲಿಯೂ ಅವುಗಳ ಬಗ್ಗೆಯೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೇಳಲು ನನಗೆ ಅಧಿಕಾರವೇನು ಎಂದು ಕೇಳಿದರೆ, ನಾನು ಕಲಾವಿಮರ್ಶಕನಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ತಿರುವಿ ನಿವೃತ್ತನಾದವನು. ಸಂಜೆ ಹೊತ್ತು ಮಂಡಿ ಹೌಸಿನ ತ್ರಿವೇಣಿ ಕಲಾ ಸಂಗಮದಲ್ಲಿ ಬಣ್ಣ ಕಲಸುವುದನ್ನು ಕಲಿತು, ಮನೆಯವರ ಮುಖಗಳನ್ನು ಕೆಡಿಸುತ್ತ ಬಂದವನು. ಕೆಡಿಸಿದವನಿಗೆ ಕೆಲವು ಸಂಗತಿ ಗೊತ್ತಾಗುತ್ತವೆ.

ನಾನು ದಿಲ್ಲಿಗೆ ಬಂದದ್ದು 1986ರಲ್ಲಿ, ಗದಗಿನಿಂದ. ಮರುವರ್ಷದ ಬೇಸಗೆಯಲ್ಲಿ ಒಂದು ಭಾನುವಾರ ಲೂ ಗಾಳಿಯಿಂದ ತಪ್ಪಿಸಿಕೊಳ್ಳಲು ಜೈಪುರ ಹೌಸಿಗೆ ನುಗ್ಗಿದೆ. ಕಲೆಯ ಮೇಲಿನ ಪ್ರೀತಿಯಿಂದಲ್ಲ, ನೆರಳಿಗಾಗಿ. ಒಳಗೆ 'ಯಂಗ್ ಗರ್ಲ್ಸ್' ಎಂಬ ದೊಡ್ಡ ಚಿತ್ರದ ಮುಂದೆ ನಿಂತುಬಿಟ್ಟೆ. 1932ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಅಮೃತಾ ಬರೆದದ್ದು. ಇಬ್ಬರು ಹುಡುಗಿಯರು ಕೂತಿದ್ದಾರೆ. ಒಬ್ಬಳು ಆಕೆಯ ತಂಗಿ ಇಂದಿರಾ, ಇನ್ನೊಬ್ಬಳು ಗೆಳತಿ ಡೆನಿಸ್ ಪ್ರೂತೋ. ಇಂದಿರಾ ಸರಿಯಾಗಿ ಬಟ್ಟೆ ತೊಟ್ಟು, ಮೈ ನೆಟ್ಟಗೆ ಮಾಡಿ, ತನ್ನದೇ ಮನೆ ಎಂಬ ಧೈರ್ಯದಲ್ಲಿ ಕೂತಿದ್ದಾಳೆ. ಗೆಳತಿಯ ಉಡುಪು ಜಾರಿದೆ, ಹೊಂಬಣ್ಣದ ಕೂದಲು ಬಿಚ್ಚಿಕೊಂಡು ಮುಖವನ್ನು ಅರ್ಧ ಮುಚ್ಚಿದೆ. ಮರುವರ್ಷ ಪ್ಯಾರಿಸ್ಸಿನ ಗ್ರ್ಯಾಂಡ್ ಸಲೋನ್ ಪ್ರದರ್ಶನದಲ್ಲಿ ಈ ಚಿತ್ರಕ್ಕೆ ಚಿನ್ನದ ಪದಕ ಬಂತು, ಅಮೃತಾ ಆ ಸಂಸ್ಥೆಯ ಸಹಸದಸ್ಯೆಯೂ ಆದಳು. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ದಿನ ಕಂಡದ್ದು ಇಷ್ಟೇ: ಈ ಇಬ್ಬರೂ ಹುಡುಗಿಯರು ಯಾರೋ ಒಬ್ಬರಿಗೆ ಗೊತ್ತಿರುವವರು. ಗೊತ್ತಿರುವವರು ಮಾತ್ರ ಬರೆಯಬಹುದಾದ ಚಿತ್ರ ಇದು. ತಂಗಿ ಕೂತ ಭಂಗಿಯಲ್ಲಿ, "ಎಷ್ಟು ಹೊತ್ತೇ ಇನ್ನ, ಬೇಗ ಮುಗಿಸು" ಎಂಬ ಒಂದು ಅಸಹನೆ ಇದೆ. ನನ್ನ ತಂಗಿಯೂ ಗದಗಿನ ಮನೆಯ ಪಡಸಾಲೆಯಲ್ಲಿ ಹಾಗೇ ಕೂಡುತ್ತಿದ್ದಳು. ಊರು ಬಿಟ್ಟು ಹದಿಮೂರು ತಿಂಗಳಾಗಿತ್ತು. ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ಅತಿಯಾದೀತು. ಆದರೆ ಹೊರಗೆ ಬಂದವನು ಅಂದೇ ಊರಿಗೆ ಕಾಗದ ಬರೆದೆ.

ಅಮೃತಾಳ ಮನೆತನವೇ ವಿಚಿತ್ರ. ಹುಟ್ಟಿದ್ದು 1913ರ ಜನವರಿ 30ರಂದು ಬುಡಾಪೆಸ್ಟಿನಲ್ಲಿ. ತಾಯಿ ಮಾರಿ ಅಂತ್ವಾನೆತ್ ಹಂಗೇರಿಯ ಗಾಯಕಿ. ತಂದೆ ಉಮ್ರಾವ್ ಸಿಂಗ್ ಮಜೀಠಾ ಮನೆತನದ ಸಿಖ್ಖರು, ಸಂಸ್ಕೃತ ಪಾರಸಿ ಓದಿಕೊಂಡವರು. ಎಂಟನೆಯ ವಯಸ್ಸಿಗೆ ಹುಡುಗಿ ಶಿಮ್ಲಾಕ್ಕೆ ಬಂದಳು, ಹದಿನಾರಕ್ಕೆ ಪ್ಯಾರಿಸ್ಸಿಗೆ ಹೋದಳು, 1934ರ ಕೊನೆಗೆ ಹಿಂದಿರುಗಿದಳು, 1941ರ ಡಿಸೆಂಬರ್ 5ರಂದು ಲಾಹೋರಿನಲ್ಲಿ ತೀರಿಕೊಂಡಳು. ಆಗ ಇಪ್ಪತ್ತೆಂಟು ವರ್ಷ. ಇವಳ ಊರು ಯಾವುದು ಅಂದರೆ ಏನು ಹೇಳುವುದು? ನಮಗಾದರೋ ಕೇಳಿದವರಿಗೆ ಹೇಳಲು ಒಂದು ಊರಿದೆ, ಅಲ್ಲಿಗೆ ಹೋಗಲು ರೈಲೂ ಇದೆ. ಅವಳಿಗೆ ಊರು ಅಂದರೆ ಆ ನಾಲ್ಕು ಜನರೇ ಇರಬೇಕು ಎಂದು ನನಗನ್ನಿಸುತ್ತದೆ.

ಆ ನಾಲ್ಕು ಜನರ ಮನೆಯಲ್ಲಿ ಇನ್ನೊಂದು ಕಣ್ಣೂ ಇತ್ತು. ಉಮ್ರಾವ್ ಸಿಂಗರಿಗೆ ಫೋಟೋ ಹುಚ್ಚು. ಸುಮಾರು ಅರ್ಧ ಶತಮಾನ ಅವರು ಹೆಂಡತಿಯ, ಮಕ್ಕಳ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮದೇ ಫೋಟೋ ತೆಗೆದುಕೊಂಡರು. ಇಂದಿರಾಳ ಮಗ, ಕಲಾವಿದ ವಿವಾನ್ ಸುಂದರಂ ಅಜ್ಜನ ಈ ಫೋಟೋಗಳನ್ನೂ ಅಮೃತಾಳ ಚಿತ್ರಗಳನ್ನೂ ಕಂಪ್ಯೂಟರಿನಲ್ಲಿ ಬೆಸೆದು, 2001-02ರಲ್ಲಿ 'ರೀ-ಟೇಕ್ ಆಫ್ ಅಮೃತಾ' ಎಂಬ ಸರಣಿ ಮಾಡಿದರು. ಅವರೂ 2023ರ ಮಾರ್ಚಿನಲ್ಲಿ ತೀರಿಕೊಂಡರು. ತಂದೆಯ ಫೋಟೋಗಳಲ್ಲಿ ಅಮೃತಾ ಯಾವಾಗಲೂ ಸಿಂಗರಿಸಿಕೊಂಡಿರುತ್ತಾಳೆ, ಸೀರೆಯ ನೆರಿಗೆ ಸರಿ ಇರುತ್ತದೆ, ಮುಖ ಕ್ಯಾಮರಾಕ್ಕೆ ಒಪ್ಪಿಸಿದಂತೆ ಇರುತ್ತದೆ. ತಾನೇ ಕುಂಚ ಹಿಡಿದಾಗ ಆಕೆ ಮನೆಯವರನ್ನು ಹಾಗೆ ಕೂರಿಸುವುದಿಲ್ಲ. 1933ರ 'ಸ್ಲೀಪ್' ಎಂಬ ಚಿತ್ರದಲ್ಲಿ ಅದೇ ಇಂದಿರಾ ಬೆತ್ತಲೆ ಮಲಗಿದ್ದಾಳೆ. ಅಕ್ಕನ ಎದುರಿಗೆ ತಂಗಿ ಹೀಗೆ ನಿದ್ದೆ ಹೋಗಬೇಕಾದರೆ ಎಷ್ಟು ನಂಬಿಕೆ ಬೇಕು! ನೋಡುವ ನಮಗೇ ಸ್ವಲ್ಪ ಸಂಕೋಚವಾಗುತ್ತದೆ, ಅವಳಿಗಿಲ್ಲ.

ಎಣ್ಣೆಬಣ್ಣದ ಗುಣವನ್ನೂ ಇಲ್ಲಿ ಹೇಳಬೇಕು. ನೀರುಬಣ್ಣ ನೀರು ಹಾರಿದರೆ ಒಣಗುತ್ತದೆ. ಎಣ್ಣೆಬಣ್ಣ ಹಾಗಲ್ಲ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದಿರುತ್ತಾರೆ. ಆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ದಿನಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಅಲ್ಲಿಯತನಕ ಒರೆಸಬಹುದು, ಕೆರೆಯಬಹುದು, ಹಸಿಯ ಮೇಲೆ ಹಸಿ ಹಚ್ಚಬಹುದು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು, ತಿರುಗಾಮುರುಗಾ ಮಾಡಿದರೆ ಮುಂದೆ ಬಿರುಕು ಬಿಡುತ್ತದೆ. ಒಟ್ಟಿನಲ್ಲಿ ಅವಸರದ ಕೆಲಸವಲ್ಲ. ಕೂತವರು ಇವತ್ತು ನಗುತ್ತ ಕೂತಿರುತ್ತಾರೆ, ನಾಳೆ ಮುನಿಸಿನಲ್ಲಿ, ನಾಡಿದ್ದು ಹೊಟ್ಟೆನೋವಿನಲ್ಲಿ. ಫೋಟೋಕ್ಕೆ ಒಂದು ಗಳಿಗೆ ಸಾಕು. ಎಣ್ಣೆಬಣ್ಣದ ಮುಖದಲ್ಲಿ ಈ ಎಲ್ಲ ದಿನಗಳೂ ಒಂದರ ಮೇಲೊಂದು ಕೂತಿರುತ್ತವೆ. ಅದಕ್ಕೇ ಒಳ್ಳೆಯ ಭಾವಚಿತ್ರದಲ್ಲಿ ಮುಖ ನಗುತ್ತಿದೆಯೋ ಅಳುತ್ತಿದೆಯೋ ಎಂದು ಥಟ್ಟನೆ ಹೇಳಲಾಗುವುದಿಲ್ಲ. ಬರೆಯುವವರಿಗೂ ಕೂತವರಿಗೂ ಇಷ್ಟು ದಿನ ಒಂದೇ ಕೋಣೆಯಲ್ಲಿ ಇರಲು ಸಲಿಗೆ ಬೇಕು. ಮನೆಯವರು, ಗೆಳೆಯರು, ಇಲ್ಲವೇ ಕನ್ನಡಿ. ದುಡ್ಡಿಲ್ಲದ ವಿದ್ಯಾರ್ಥಿಗೆ ಬೇರೆ ಯಾರು ಸಿಗುತ್ತಾರೆ?

ಅಮೃತಾಳಿಗೆ ಸಿಕ್ಕ ಗೆಳೆಯರಲ್ಲಿ ಒಬ್ಬ ಸಹಪಾಠಿ ಬೋರಿಸ್ ತಾಸ್ಲಿಟ್ಸ್ಕಿ. 1932ರ 'ಯಂಗ್ ಮ್ಯಾನ್ ವಿತ್ ಆ್ಯಪಲ್ಸ್' ಚಿತ್ರದಲ್ಲಿ ಸೇಬು ಹಿಡಿದುಕೊಂಡಿರುವವನು ಅವನೇ. ಸುಮ್ಮನೆ ನೋಡಿದರೆ ಸೊಗಸಾದ ಯುವಕ, ಅಷ್ಟೇ. ಈ ಹುಡುಗ ಮುಂದೆ ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಕೈಗೆ ಸಿಕ್ಕಿ ಬುಖೆನ್‌ವಾಲ್ಡ್ ಶಿಬಿರದಲ್ಲಿದ್ದ. ಅಲ್ಲಿ ಸಿಕ್ಕ ಕಾಗದದ ಚೂರುಗಳ ಮೇಲೆ ಜೊತೆಯ ಕೈದಿಗಳ ಚಿತ್ರಗಳನ್ನು ಕದ್ದು ಬರೆದ, ಬದುಕಿ ಬಂದ, 2005ರವರೆಗೂ ಇದ್ದ. ಅವನನ್ನು ಹಾಗೆ ಕೂರಿಸಿದವಳು ಅವನಿಗಿಂತ ಅರವತ್ತು ವರ್ಷಕ್ಕೂ ಮೊದಲೇ ಹೋಗಿದ್ದಳು. ಇದನ್ನು ತಿಳಿದ ಮೇಲೆ ಆ ಸೇಬುಗಳನ್ನು ನಾನು ಮೊದಲಿನಂತೆ ನೋಡಲಾರೆ. ಚಿತ್ರದಲ್ಲಿ ಇದು ಯಾವುದೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಆದರೆ ಅಲ್ಲಿ ಒಬ್ಬ ಇದ್ದಾನೆ, ಇಂಥವನೇ ಎಂಬ ಒಬ್ಬ. ಆದ್ದರಿಂದಲೇ ಅವನಿಗೆ ಮುಂದೇನಾಯಿತು ಎಂದು ಕೇಳಬೇಕೆನಿಸುತ್ತದೆ.

ಇನ್ನು ಆಕೆ ಬರೆದುಕೊಂಡ ತನ್ನ ಚಿತ್ರಗಳು. 1930ರ ಒಂದು ಸ್ವಂತ ಚಿತ್ರದಲ್ಲಿ ಹಲ್ಲು ಕಾಣುವಂತೆ ನಕ್ಕಿದ್ದಾಳೆ. ಇನ್ನೊಂದರಲ್ಲಿ ಹುಬ್ಬು ಗಂಟಿಕ್ಕಿದ್ದಾಳೆ. ಮತ್ತೊಂದರಲ್ಲಿ ತಾನು ದೊಡ್ಡ ಕಲಾವಿದೆ ಎಂದು ನಮಗೆ ಮನವರಿಕೆ ಮಾಡಲು ಹೊರಟಿದ್ದಾಳೆ. ಎಲ್ಲವೂ ಒಳ್ಳೆಯ ಚಿತ್ರಗಳೆಂದು ನಾನು ಹೇಳಲಾರೆ. ಕೆಲವು ಬರೀ ವೇಷ. ನಕ್ಕ ಚಿತ್ರದಲ್ಲಿ ನಗುವಿಗಿಂತ ನಗುವನ್ನು ಬರೆದ ಜಾಣತನವೇ ಹೆಚ್ಚು ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗಿರುವುದು 1934ರ 'ಸೆಲ್ಫ್ ಪೋರ್ಟ್ರೇಟ್ ಆ್ಯಸ್ ಎ ತಹಿತಿಯನ್'. ಫ್ರಾನ್ಸಿನ ಗೋಗ್ಯಾಂ ತಹಿತಿ ದ್ವೀಪಕ್ಕೆ ಹೋಗಿ ಅಲ್ಲಿನ ಕಂದುಬಣ್ಣದ ಹೆಣ್ಣುಗಳನ್ನು ಬರೆದು ಹೆಸರಾದವನು. ಅಮೃತಾ ಪ್ಯಾರಿಸ್ಸಿನಲ್ಲೇ ಕೂತು ಆ ಹೆಣ್ಣಿನ ಜಾಗದಲ್ಲಿ ತನ್ನನ್ನು ನಿಲ್ಲಿಸಿಕೊಂಡಳು. ಅರೆಬೆತ್ತಲೆ ಮೈ, ಮುಂದೆ ಕಟ್ಟಿದ ಕೈ, ಎತ್ತಲೋ ನೋಟ, ಹಿಂದೆ ಒಬ್ಬ ಗಂಡಸಿನ ನೆರಳು. ಇದನ್ನು ನಾನು ಬಹಳ ಕಾಲ ಅಚ್ಚಿನಲ್ಲಿ ಮಾತ್ರ ನೋಡಿದ್ದೆ. 'ನೀವು ನನ್ನನ್ನು ಹೀಗೆ ತಾನೇ ನೋಡುವುದು? ನೋಡಿ ಹಾಗಾದರೆ' ಎಂದು ಬಿಳಿಯರಿಗೆ ಹೇಳುವಂತಿದೆ. ದಿಲ್ಲಿಯ ಕಚೇರಿಯಲ್ಲಿ ಇಪ್ಪತ್ತು ವರ್ಷ 'ಏ ಮದ್ರಾಸಿ' ಅನ್ನಿಸಿಕೊಂಡವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕರ್ನಾಟಕ ಬೇರೆ ಎಂದು ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ನಾನೇ "ಹಾಂ ಜೀ, ಇಡ್ಲಿ ದೋಸಾ" ಎಂದು ನಗತೊಡಗಿದೆ. ನಮ್ಮ ಮನೆಯಲ್ಲಿ ದಿನಾ ರೊಟ್ಟಿ ಎಂದು ಯಾರಿಗೆ ಹೇಳುವುದು?

ಇಷ್ಟು ದೂರ ನಾನು ಅಮೃತಾಳ ಪಕ್ಷ. ಇಲ್ಲಿಂದ ಮುಂದೆ ನನ್ನ ತಕರಾರು ಶುರು.

ಭಾರತಕ್ಕೆ ಮರಳಿದ ಮೇಲೆ 1935ರಲ್ಲಿ ಆಕೆ ಬರೆದದ್ದು 'ಮೂವರು ಹುಡುಗಿಯರು'. ತಂದೆಯ ಕಡೆಯ ಬಂಧುಗಳ ಮನೆಯ ಹೆಣ್ಣುಮಕ್ಕಳು ಇದಕ್ಕೆ ಕೂತಿದ್ದರು. ಹಿಂದೆ ಮನೆಯಿಲ್ಲ, ಕಿಟಕಿಯಿಲ್ಲ, ಬರೀ ಬಣ್ಣದ ಹರವು. ಮೂವರ ಕಣ್ಣೂ ಕೆಳಗೆ. ಅವರು ನಮ್ಮನ್ನೂ ನೋಡುವುದಿಲ್ಲ, ಒಬ್ಬರನ್ನೊಬ್ಬರೂ ನೋಡುವುದಿಲ್ಲ. ಬಟ್ಟೆಯ ಗಾಢ ಬಣ್ಣಗಳು ಮಾತ್ರ ಮಾತಾಡುತ್ತಿವೆ. ಈ ಚಿತ್ರಕ್ಕೆ 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂತು. ಅಮೃತಾ ಶೇರ್‌ಗಿಲ್ ನಿಜವಾಗಿ 'ಭಾರತೀಯ'ಳಾದದ್ದು ಇಲ್ಲಿಂದ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆಮೇಲೆ ಅಜಂತಾ ನೋಡಿ, ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರ ನೋಡಿ, ದಕ್ಷಿಣವನ್ನು ಸುತ್ತಿ ಬಂದ ಮೇಲೆ 1937ರಲ್ಲಿ ಬರೆದ 'ಬ್ರೈಡ್ಸ್ ಟಾಯ್ಲೆಟ್', 'ಬ್ರಹ್ಮಚಾರಿಗಳು' ಮೊದಲಾದವುಗಳಲ್ಲಿ ಈ ದಾರಿ ಇನ್ನೂ ಸ್ಪಷ್ಟವಾಯಿತು. ರೇಖೆ ಸರಳವಾಯಿತು, ನೆರಳು ಕಡಿಮೆಯಾಯಿತು, ಬಣ್ಣ ಹರಡಿಕೊಂಡಿತು. ದೊಡ್ಡ ಗಳಿಕೆ, ಅನುಮಾನವಿಲ್ಲ.

ಆದರೆ ಕಳೆದುಕೊಂಡದ್ದೇನು? 'ಯಂಗ್ ಗರ್ಲ್ಸ್' ನೋಡಿದರೆ 'ಇವರು ಯಾರು?' ಎಂದು ಕೇಳುತ್ತೇವೆ. 'ಮೂವರು ಹುಡುಗಿಯರು' ನೋಡಿದರೆ 'ಪಾಪ, ನಮ್ಮ ಹೆಣ್ಣುಮಕ್ಕಳ ಹಣೆಬರಹ' ಎನ್ನುತ್ತೇವೆ. ಹಣೆಬರಹ ಕಂಡಿತು, ಹಣೆ ಕಾಣಲಿಲ್ಲ. ತಂಗಿ ಇಂದಿರಾಳಿಗೆ ಕೊಟ್ಟ ಅಸಹನೆಯನ್ನು, ಗಟ್ಟಿತನವನ್ನು ಈ ಬಂಧುಗಳ ಮಕ್ಕಳಿಗೆ ಆಕೆ ಯಾಕೆ ಕೊಡಲಿಲ್ಲ? ಅವರಲ್ಲಿ ಒಬ್ಬಳಾದರೂ ಜಗಳಗಂಟಿ ಇದ್ದಿರಲಾರಳೇ? ದೂರದಲ್ಲಿದ್ದು ಭಾರತವನ್ನು ನೆನೆದು ನೆನೆದು, ಬಂದು ಇಳಿಯುವ ಹೊತ್ತಿಗೆ ಆಕೆಯ ಮನಸ್ಸಿನಲ್ಲಿ ಭಾರತದ ಒಂದು ಮುಖ ಆಗಲೇ ತಯಾರಾಗಿತ್ತು, ಎದುರಿಗೆ ಕೂತವರ ಮೇಲೆ ಅದನ್ನು ತಂದು ಕೂರಿಸಿದಳು ಎಂಬುದು ನನ್ನ ಆಕ್ಷೇಪ. ಅದೇ ವರ್ಷ ಶಿಮ್ಲಾದಲ್ಲಿ ಬರೆದ ಇಂಗ್ಲಿಷ್ ಪತ್ರಕರ್ತ ಮಾಲ್ಕಂ ಮಗ್ಗರಿಜನ ಚಿತ್ರ ನೋಡಿ. ಅಲ್ಲಿ ಅವನೇ ಇದ್ದಾನೆ, 'ಇಂಗ್ಲಿಷ್ ಜನಾಂಗ' ಇಲ್ಲ.

ಇದನ್ನು ನಾನು ತ್ರಿವೇಣಿಯ ಗೆಳೆಯರ ಮುಂದೆ ಬಹಳ ಜೋರಾಗಿ ವಾದಿಸುತ್ತಿದ್ದೆ. ಜೋರಾಗಿ ವಾದಿಸುತ್ತಲೇ ಅದೇ ತಪ್ಪನ್ನು, ಅದೂ ಆಕೆಯ ಪ್ರತಿಭೆಯ ಒಂದು ಹನಿಯೂ ಇಲ್ಲದೆ, ನಾನೇ ಮಾಡಿದ್ದೆ.

1996ರಲ್ಲಿ ನಮ್ಮ ಕನ್ನಡಿಗರ ಗುಂಪು ರಾಜ್ಯೋತ್ಸವಕ್ಕೆ ಒಂದು ಚಿಕ್ಕ ಪ್ರದರ್ಶನ ಇಟ್ಟಿತು. ಅದಕ್ಕೆಂದು ನಾನು ಅವ್ವನ ಚಿತ್ರ ಬರೆದೆ. ಅವ್ವ ಗದಗಿನಲ್ಲಿ, ನಾನು ರಾಮಕೃಷ್ಣಪುರಂ ಕ್ವಾರ್ಟರ್ಸಿನಲ್ಲಿ. ಎದುರಿಗೆ ಇದ್ದದ್ದು ತಂಗಿಯ ಮದುವೆಯಲ್ಲಿ ತೆಗೆದ ಒಂದು ಫೋಟೋ. ಅದರಲ್ಲಿ ಅವ್ವನ ಕಣ್ಣು ಅರ್ಧ ಮುಚ್ಚಿತ್ತು, ಹಾಗಾಗಿ ಕಣ್ಣನ್ನು ನಾನೇ ಬರೆದೆ. ಇಳಕಲ್ ಸೀರೆ, ಅದರ ಟೋಪ ಸೆರಗು, ತಲೆ ಮೇಲೆ ಸೆರಗು, ಹಣೆ ತುಂಬ ಕುಂಕುಮ, ಮೂಗಿನಲ್ಲಿ ನತ್ತು, ತುಟಿಯಲ್ಲಿ ಶಾಂತ ನಗೆ. ಟ್ಯೂಬಿನಿಂದ ಬಣ್ಣ ಧಾರಾಳವಾಗಿ ಹಿಂಡಿದ್ದೆ. ಎಲ್ಲರೂ ಹೊಗಳಿದರು. ಮಂಡ್ಯದ ಕಡೆಯ ಹಿರಿಯರೊಬ್ಬರು "ನಮ್ಮಮ್ಮನ್ನೇ ನೋಡ್ದಂಗಾಯ್ತು ಕಣ್ರೀ" ಎಂದು ಕಣ್ಣೊರೆಸಿಕೊಂಡರು. ಮಂಗಳೂರಿನ ಹೆಣ್ಣುಮಗಳೊಬ್ಬರೂ ಹಾಗೇ ಅಂದರು. ಮಂಡ್ಯದವರ ಅಮ್ಮ, ಮಂಗಳೂರಿನವರ ಅಮ್ಮ, ಗದಗಿನ ನಮ್ಮವ್ವ ಎಲ್ಲರೂ ಒಂದೇ ಥರ ಇರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ನನಗೆ ಆಗ ಹೊಳೆಯಲಿಲ್ಲ. ಖುಷಿಯಲ್ಲಿದ್ದೆ.

ಎರಡು ವರ್ಷದ ಮೇಲೆ, 1998ರ ಡಿಸೆಂಬರಿನಲ್ಲಿ, ಅವ್ವ ದಿಲ್ಲಿಗೆ ಬಂದಳು. ನಿಜಾಮುದ್ದೀನ್ ಸ್ಟೇಷನ್ನಿನಿಂದ ಮನೆಗೆ ಬಂದು, ಕೈಕಾಲು ತೊಳೆದು, ಗೋಡೆಯ ಮೇಲಿನ ಚಿತ್ರದ ಮುಂದೆ ನಿಂತಳು. ನಾನೂ ನನ್ನ ಹೆಂಡತಿಯೂ ಏನನ್ನುತ್ತಾಳೋ ಎಂದು ಹಿಂದೆ ನಿಂತಿದ್ದೆವು.

"ಇಕಿ ಯಾರಪಾ? ಚಂದ ಇದ್ದಾಳ."

"ನೀನ ಅಲ್ಲೇನಬೇ ಅವ್ವಾ!"

ಅವ್ವ ಇನ್ನೊಮ್ಮೆ ನೋಡಿದಳು. "ಸೀರಿ ನಂದ ಐತಿ. ಇಕಿ ನಾ ಅಲ್ಲ ಬಿಡು. ನಾ ಯಾವತ್ತ ಇಷ್ಟು ಸುಮ್ಮ ಕುಂತೇನಿ?" ಎಂದು ನಕ್ಕು ಅಡಿಗೆ ಮನೆಗೆ ಹೋದಳು.

ವಿಮರ್ಶೆ ಅಂದರೆ ಅದು. ಅಮೃತಾಳ ಮೂವರು ಹುಡುಗಿಯರ ಬಗ್ಗೆ ನಾನು ಹತ್ತು ವರ್ಷ ಹೇಳಲು ಒದ್ದಾಡಿದ್ದನ್ನು ಅವ್ವ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದಳು. ಊರಿನಿಂದ ದೂರ ಇರುವವರ ಕಷ್ಟವೇ ಇದು. ನಮಗೆ ಅವ್ವ ಬೇಕು, ಆದರೆ ಅವ್ವ ಎಂಬ ಆ ಒಬ್ಬ ಹೆಂಗಸಿನ ಸಿಡುಕು, ಬೆನ್ನುನೋವು, ನೆರೆಯವರ ಜೊತೆಗಿನ ಜಗಳ ನಮ್ಮ ಕೈಗೆ ಸಿಗುವುದಿಲ್ಲ. ಅವು ಕಾಗದದಲ್ಲಿ ಬರುವುದಿಲ್ಲ. ಉಳಿಯುವುದು ಕುಂಕುಮ, ಸೆರಗು, ರೊಟ್ಟಿ ಬಡಿಯುವ ಸಪ್ಪಳ. ಅಷ್ಟನ್ನೇ ಕಲಸಿ ನಾವು ಒಬ್ಬ ತಾಯಿಯನ್ನು ಮಾಡಿಕೊಳ್ಳುತ್ತೇವೆ. ನಮ್ಮ ಹೊರನಾಡಿನ ಸಮಾರಂಭಗಳಲ್ಲಿ ವೇದಿಕೆಯ ಮೇಲೆ ತೂಗುಹಾಕುವ ಕುವೆಂಪು, ಬೇಂದ್ರೆ ಚಿತ್ರಗಳನ್ನು ನೋಡಿ. ವರ್ಷ ವರ್ಷ ಅದೇ ಒಂದು ಫೋಟೋದಿಂದ ಇಳಿಸಿದವು. ಕೋಪ ಬಂದ ಬೇಂದ್ರೆಯನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿಲ್ಲ.

ಹೊರಗಿದ್ದವರೆಲ್ಲ ಹೀಗೇ ಎನ್ನುವುದೂ ತಪ್ಪು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಹೊರಟು ಮುಂಬೈನಲ್ಲಿ ಬಾಳಿದ ಕೆ.ಕೆ. ಹೆಬ್ಬಾರರ ಉದಾಹರಣೆ ನಮ್ಮ ಮುಂದಿದೆ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿ, ಮುಂದೆ ಪ್ಯಾರಿಸ್ಸಿನಲ್ಲೂ ಅಭ್ಯಾಸ ಮಾಡಿ, 1996ರಲ್ಲಿ ಮುಂಬೈನಲ್ಲೇ ತೀರಿಕೊಂಡರು. ಅವರ ಆರಂಭದ ಚಿತ್ರಗಳ ಮೇಲೆ ಅಮೃತಾಳ ಪ್ರಭಾವವಿದೆ ಎಂದು ಬಲ್ಲವರು ಹೇಳುತ್ತಾರೆ. ಆ ಹರಡಿದ ಬಣ್ಣ, ಮೈಯ ಸರಳ ರೇಖೆ ನೋಡಿದರೆ ಹೌದೆನಿಸುತ್ತದೆ. ಆದರೆ ಹೆಬ್ಬಾರರು ಮುಖದ ಬದಲು ಚಲನೆಯನ್ನು ಹಿಡಿದರು. ಕುಣಿಯುವವರು, ದುಡಿಯುವವರು, ಒಂದೇ ಎಳೆಯ ಗೆರೆಯಲ್ಲಿ ಇಡೀ ಮೈ. ನೆನಪಿನಲ್ಲಿ ಮುಖ ಮಸುಕಾದರೂ ನಡಿಗೆ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿದ್ದಿರಬೇಕು. ದೂರದಲ್ಲಿ ಕೂತು ಬರೆಯುವವನಿಗೆ ಅದು ಹೆಚ್ಚು ಪ್ರಾಮಾಣಿಕ ದಾರಿ. ಅವರು ಕೊಟ್ಟ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿವೆ. ಓದುಗರು ಅವುಗಳನ್ನು ಅಮೃತಾಳ ಚಿತ್ರಗಳ ಜೊತೆಗಿಟ್ಟು ನೋಡಬೇಕು.

ಅವ್ವ ನಮ್ಮಲ್ಲಿ ಎರಡೂವರೆ ತಿಂಗಳು ಇದ್ದಳು. ಮಾತು ಚುಚ್ಚಿತ್ತಲ್ಲ, ಈ ಸಲ ಎದುರಿಗೇ ಕೂರಿಸಿ ಬರೆಯುತ್ತೇನೆ ಎಂದು ಹಟ ಹಿಡಿದೆ. ದಿಲ್ಲಿಯ ಜನವರಿ. ಅವ್ವ ನನ್ನ ಹಳೆಯ ಕಂದು ಸ್ವೆಟರ್ ಹಾಕಿಕೊಂಡು, ಕಾಲಿಗೆ ಸಾಕ್ಸು ಏರಿಸಿ, ಕಿವಿಗೆ ಮಫ್ಲರ್ ಸುತ್ತಿ, ಬಾಲ್ಕನಿಯ ಬಿಸಿಲಲ್ಲಿ ಕುರ್ಚಿ ಹಾಕಿ ಕೂತಳು. ನಾನು ಎಣ್ಣೆಯ ಸೀಸೆ ತೆಗೆದೆ.

"ಇದು ಅಗಸಿ ಎಣ್ಣಿ ವಾಸನಿ ಅಲ್ಲೇನೋ ತಮ್ಮಾ?"

"ಹೌದವ್ವಾ, ಅದ."

"ಅಗಸಿ ಹಿಂಡಿ ಮಾಡಿ ರೊಟ್ಟಿ ಕೂಡ ತಿನ್ನೂದು ಬಿಟ್ಟು ಮಾರಿಗೆ ಬಳೀತೀಯಲ್ಲೋ!" ಎಂದಳು. ಅರ್ಧ ಗಂಟೆ ಕೂತರೆ ಹೆಚ್ಚು. ಮಧ್ಯೆ ಎದ್ದು ಹಾಲು ಉಕ್ಕೀತೆಂದು ಹೋಗುತ್ತಿದ್ದಳು. ಬಂದು ಕೂತರೆ ಮುಖ ಬೇರೆ ಕಡೆ ತಿರುಗಿರುತ್ತಿತ್ತು. ಕೆಳಗೆ ತರಕಾರಿ ಗಾಡಿಯವನ ಜೊತೆ ಬಾಲ್ಕನಿಯಿಂದಲೇ ಗದಗಿನ ಕನ್ನಡದಲ್ಲಿ ಚೌಕಾಸಿ. ಅವನು ಹಿಂದಿಯಲ್ಲಿ, ಇವಳು ಕನ್ನಡದಲ್ಲಿ, ವ್ಯಾಪಾರ ಮಾತ್ರ ಸರಿಯಾಗಿ ಆಗುತ್ತಿತ್ತು. ಬಿಸಿಲಿನ ಝಳಕ್ಕೆ ಕೊನೆಗೆ ನಿದ್ದೆ ಹೋಗುತ್ತಿದ್ದಳು. ಬಾಯಿ ಅರ್ಧ ತೆರೆದು, ಗದ್ದ ಎದೆಗೆ ತಾಗಿ. ನನಗೆ 'ಸ್ಲೀಪ್' ಚಿತ್ರದ ಇಂದಿರಾ ನೆನಪಾದಳು. ಎದುರಿಗಿರುವವರ ಮೇಲೆ ನಂಬಿಕೆ ಇದ್ದರೆ ಮಾತ್ರ ಬರುವ ನಿದ್ದೆ.

ಚಳಿಗೆ ಬಣ್ಣ ಆರುವುದೇ ಇಲ್ಲ. ನಿನ್ನೆ ಬರೆದದ್ದು ಇವತ್ತೂ ಹಸಿ. ಅವ್ವನ ಚರ್ಮದ ಬಣ್ಣ ಯಾವ ಟ್ಯೂಬಿನಲ್ಲೂ ಇರಲಿಲ್ಲ. ಕೆಮ್ಮಣ್ಣಿನ ಬಣ್ಣಕ್ಕೆ ಹಳದಿ ಮಣ್ಣು ಸೇರಿಸಿ, ನೆರಳಿಗೆ ಹಸಿರು ಬೆರೆಸಿದಾಗ ಕೆನ್ನೆಯ ಒಂದು ತುಂಡು ಸಿಕ್ಕಿತು. ಓಲೆಯ ಭಾರಕ್ಕೆ ಜಗ್ಗಿ ಉದ್ದವಾದ ಎಡಕಿವಿ ಸಿಕ್ಕಿತು. ಮಫ್ಲರನ್ನು ಆ ಹೊತ್ತಿಗೆ ತೆಗೆದಿದ್ದಳು. ಸ್ವೆಟರಿನ ಕತ್ತು ಸಿಕ್ಕಿತು. ಬಾಯಿ ಸಿಗಲಿಲ್ಲ. ಬಾಯಿ ಯಾವಾಗಲೂ ಏನಾದರೂ ಹೇಳುತ್ತಿರುತ್ತಿತ್ತು. ಫೆಬ್ರವರಿ ಕೊನೆಗೆ ಊರಿಗೆ ಹೊರಟಳು. "ಮುಂದಿನ ಸಲ ಮುಗಸ್ತೀಯಂತ" ಎಂದಳು. ಮುಂದಿನ ಸಲ ಬರಲಿಲ್ಲ. 2003ರಲ್ಲಿ ಅವ್ವ ಗದಗಿನಲ್ಲೇ ಹೋದಳು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹೊರನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2009ರಲ್ಲಿ ಜೈಪುರ ಹೌಸಿನ ಹಿಂದೆ ಹೊಸ ಕಟ್ಟಡ ತೆರೆದರು. ಅದೇ ವರ್ಷ ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲೂ ಈ ಸಂಗ್ರಹಾಲಯದ ಶಾಖೆ ಶುರುವಾಯಿತು. ನಾನು ಬಹಳ ದಿನಗಳ ಮೇಲೆ 'ಮೂವರು ಹುಡುಗಿಯರು' ಮುಂದೆ ನಿಂತೆ. ಹಳೆಯ ತಕರಾರು ಜೊತೆಗೇ ಬಂದಿತ್ತು. ಆದರೆ ಈ ಸಲ ಮುಖ ಬಿಟ್ಟು ಕೈ ನೋಡಿದೆ. ಕೆಲಸವಿಲ್ಲದೆ ಮಡಿಲಲ್ಲಿ ಬಿದ್ದ ಆ ಕೈಗಳನ್ನು ಅಮೃತಾ ಊಹಿಸಿಕೊಂಡು ಬರೆದಿರಲಾರಳು. ಬಂಧುಗಳ ಮನೆಯ ದೊಡ್ಡ ಹುಡುಗಿಯರು ಚಿತ್ರಕ್ಕೆ ಕೂರು ಅಂದಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಬಿಟ್ಟ ಕೈ ಅದು. ಮೂವರ ಮೈಕಟ್ಟೂ ಬೇರೆ ಬೇರೆ, ತಲೆ ಬಾಗಿಸಿದ ಬಗೆಯೂ ಬೇರೆ. ಕಣ್ಣು ಕೆಳಗೆ ಹಾಕಿದ್ದು ಬರೀ ಹಣೆಬರಹಕ್ಕಲ್ಲದಿರಬಹುದು. ಪ್ಯಾರಿಸ್ಸಿನಿಂದ ಬಂದ, ಸರಿಯಾಗಿ ಪಂಜಾಬಿ ಬಾರದ ಈ ಅಕ್ಕನ ಎದುರು ಕಣ್ಣೆತ್ತಲು ಅವರಿಗೆ ನಾಚಿಕೆಯಾಗಿದ್ದೀತು. ಹಾಗಿದ್ದರೆ ಅದು ಹುಡುಗಿಯರ ಹಣೆಬರಹದ ಚಿತ್ರ ಮಾತ್ರವಲ್ಲ, ಬಂದವಳಿಗೂ ಇದ್ದವರಿಗೂ ನಡುವಿನ ದೂರದ ಚಿತ್ರವೂ ಹೌದು. ಇಂದಿರಾ ಅಸಹನೆ ತೋರಿಸಬಲ್ಲಳು, ಅವಳು ತಂಗಿ. ಇವರು ಅತಿಥಿಯ ಎದುರು ಕೂತಿದ್ದಾರೆ. ಆ ದೂರವನ್ನು ಅಮೃತಾ ಸುಳ್ಳು ನಗೆಯಿಂದ ಮುಚ್ಚಲಿಲ್ಲ. ನಾನು ಮುಚ್ಚಿದ್ದೆ. ನನ್ನ ಅವ್ವನಿಗೆ ನಾನು ಬರೆದ ಶಾಂತ ನಗೆ ಅದೇ.

ಹೀಗಾಗಿ ನನ್ನ ತಕರಾರನ್ನು ಅರ್ಧ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆಮೇಲಿನ ಕೆಲವು ಚಿತ್ರಗಳಲ್ಲಿ ವ್ಯಕ್ತಿಗಳು ತೀರಾ ತೆಳ್ಳಗಾದರು ಎಂದು ಈಗಲೂ ಹೇಳುತ್ತೇನೆ. ಆದರೆ ಮೊದಲ ಸಲ ನೋಡಲು ಹೋಗುವವರು 'ಯಂಗ್ ಗರ್ಲ್ಸ್' ನೋಡಿ, ಹತ್ತು ನಿಮಿಷ ಬಿಟ್ಟು 'ಮೂವರು ಹುಡುಗಿಯರು' ನೋಡಿ, ಮತ್ತೆ ವಾಪಸು ಬನ್ನಿ. ಎರಡರಲ್ಲೂ ಕೈಗಳನ್ನು ನೋಡಿ. ಬರೆದವಳು ಅವರಿಗೆ ಎಷ್ಟು ಹತ್ತಿರ ಇದ್ದಳು, ಎಷ್ಟು ದೂರ ಇದ್ದಳು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಕಳೆದ ಚಳಿಗಾಲ ತಂಗಿ ಗದಗಿನಿಂದ ಬಂದಿದ್ದಳು. ಈಗ ನಾವು ದ್ವಾರಕಾದ ಫ್ಲಾಟಿನಲ್ಲಿದ್ದೇವೆ. ಅವ್ವನ ಎರಡೂ ಚಿತ್ರಗಳನ್ನು ಅವಳ ಮುಂದಿಟ್ಟೆ. ಬಾಯಿಯಿಲ್ಲದ ಅರ್ಧ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಕಿವಿ ಹಿಂಗ ಇತ್ತು ನೋಡು, ಬರೋಬ್ಬರಿ ಹಿಂಗ" ಎಂದು ಬೆರಳಿನಿಂದ ಮುಟ್ಟಿದಳು. ಅದನ್ನೇ ಕೇಳುತ್ತಾಳೆ ಎಂದುಕೊಂಡೆ.

"ಆ ಚಂದನ್ನ ಕೊಡಣ್ಣಾ, ದೇವರ ಮನ್ಯಾಗ ಹಾಕ್ತೀನಿ. ಹಾರ ಹಾಕಾಕ ಅದ ಛಲೋ. ಇದು ನಿನ್ನ ಕಡೆ ಇರ್ಲಿ."

ಕಟ್ಟಿಕೊಟ್ಟೆ. ಇಳಕಲ್ ಸೀರೆಯ ಆ ತಾಯಿ ಈಗ ಗದಗಿನ ದೇವರ ಮನೆಯಲ್ಲಿದ್ದಾಳೆ. ಸ್ವೆಟರ್ ಹಾಕಿಕೊಂಡ ಅವ್ವ ದಿಲ್ಲಿಯಲ್ಲಿದ್ದಾಳೆ.